ಚೀಟಿ ಹಚ್ಚಿದ್ರ ಬಾಟ್ಲಿ ಉಳಿಯೂದಿಲ್ರಿ

ಅಕ್ಕಾರ, ವೈನಿಯಾರ, ಇವತ್ತ ನಿಮ್ಮ ಜೋಡಿ ಸ್ವಲ್ಪ ಜಗಳಾ ಮಾಡೋದದ. ಪೂರ್ತಿ ಓದ್ರಿ, ಆಮ್ಯಾಲ ಬೇಕಾದ್ರ ಬೈರಿ.

ಹೋದ ತಿಂಗಳ ನಮ್ಮ ಹಿಂದಿನ ಮನಿ ವೈನಿಯವರು ಬೆಂಗಳೂರಿಗೆ ಒಂದು ಆರ್ಡರ್ ಕಳಿಸಿದ್ರು. ಹನ್ನೆರಡು ಬಾಟ್ಲಿ ಮಾವಿನಕಾಯಿ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಐವತ್ತು ಕಡಕ್ ರೊಟ್ಟಿ. ಎಲ್ಲಾ ಒಂದ ಡಬ್ಬ್ಯಾಗ. ಮ್ಯಾಲ ನಾಕೂ ಕಡೆ ಕೆಂಪು ಚೀಟಿ: 'ಒಡೆಯುವ ವಸ್ತು, ಜೋಪಾನ'. ಅಲ್ಲಿ ಮುಟ್ಟಿದಾಗ ನಾಕು ಬಾಟ್ಲಿ ಒಡದಿದ್ವು. ಎಣ್ಣಿ ಹರದು ಚಟ್ನಿಪುಡಿ ಪಾಕೀಟು ತೊಯ್ದಿದ್ವು, ರೊಟ್ಟಿ ನುಚ್ಚಾಗಿದ್ವು. ಪೂರ್ತಿ ರೊಕ್ಕಾ ವಾಪಸ್ ಕೊಡಬೇಕಾತು. ಆ ರೊಕ್ಕದಾಗ ಮಗಳ ಕಾಲೇಜ್ ಫೀ ತುಂಬೋದಿತ್ತು. "ಸಾಕವ್ವಾ, ಈ ಧಂದೆ ನಮಗ ಹೇಳಿದ್ದಲ್ಲ" ಅಂತ ಕೈ ಚೆಲ್ಲಿ ಕೂತ್ರು.

ಮಹಿಳಾ ಮಂಡಳದಾಗ ಎಲ್ಲಾರೂ ಕೂಡಿ ಕೊರಿಯರ್ ಹುಡುಗರಿಗೆ ಶಾಪಾ ಹಾಕಿದ್ರು. ನಾ ಒಂದ ಮಾತು ಕೇಳಿದೆ: "ಕಳಸೋ ಮೊದಲ ಆ ಡಬ್ಬಿ ಯಾರರ ಒಮ್ಮೆ ನೆಲಕ್ಕ ಕೆಡವಿ ನೋಡಿದ್ರೇನು?" ಎಲ್ಲಾರೂ ನಕ್ಕರು. "ನಮ್ಮ ಕೈಲೆ ನಾವ ಒಡಕೋಬೇಕೇನ್ರಿ?" ಅಂದ್ರು. ಆ ನಗಿ ಮ್ಯಾಲನ ನನ್ನ ಸಿಟ್ಟು.

ಅಲ್ರೀ, ಚಕ್ಕಲಿ ಮಾಡುವಾಗ ಮೊದಲ ಒಂದ ಎಣ್ಣ್ಯಾಗ ಬಿಟ್ಟು ನೋಡತೀರಿ. ಪಾಕ ಬಂತೋ ಇಲ್ಲೋ ಅಂತ ನೀರಾಗ ಹನಿ ಹಾಕಿ ನೋಡತೀರಿ. ಗಡಿಗಿ ಬಾರಿಸಿ ನೋಡದ ತಗೊಳ್ಳೋದಿಲ್ಲ. ಡಬ್ಬಿ ವಿಷಯಕ್ಕ ಬಂದ್ರ ಮಾತ್ರ ಚೀಟಿ ಹಚ್ಚಿ, ದೇವರ ಮ್ಯಾಲ ಭಾರಾ ಹಾಕಿ ಕಳಸೋದು. ಇದ್ಯಾವ ಶಾಣ್ಯಾತನ?

ನನ್ನ ಅಕ್ಕನ ಮಗಾ ರಟ್ಟಿನ ಡಬ್ಬಿ ಮಾಡೋ ಫ್ಯಾಕ್ಟರ್ಯಾಗ ಇದ್ದಾನ. ಅಂವಗ ಫೋನ್ ಮಾಡಿ ಕೇಳಿದೆ. ಅಂವ ನಗಲಿಲ್ಲ. "ಮೌಶಿ, ದೊಡ್ಡ ದೊಡ್ಡ ಕಂಪನಿಯವ್ರು ಮಾಡೋದೂ ಅದನ್ನ" ಅಂದ. ಅಮೆರಿಕಾದಾಗ 1948ರಾಗ ಶುರುವಾದ ಇಸ್ಟಾ ಅನ್ನೋ ಸಂಸ್ಥಾ ಅದ. ಅದರ ಸಾದಾ ಪರೀಕ್ಷಾದಾಗ 10 ಕಿಲೋಕ್ಕಿಂತ ಕಡಿಮಿ ತೂಕದ ಡಬ್ಬಿ 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಸ್ತಾರಂತ: ಒಂದು ಮೂಲಿ ಮ್ಯಾಲ, ಆ ಮೂಲಿಗೆ ಕೂಡೋ ಮೂರು ಅಂಚಿನ ಮ್ಯಾಲ, ಆಮ್ಯಾಲ ಆರೂ ಮಗ್ಗಲದ ಮ್ಯಾಲ. ಅದರ ಜೋಡಿ ಗಡಗಡ ನಡುಗೋ ಟೇಬಲ್ ಮ್ಯಾಲ ಇಟ್ಟು ಅಲುಗಾಡಸ್ತಾರ. ನಮ್ಮ ದೇಶದಾಗೂ 1966ರಿಂದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ ಅಂತ ಮುಂಬೈಯಾಗ ಅದ. ಇಂಥಾ ಪರೀಕ್ಷಾ ಮಾಡೋದು, ಕಲಸೋದು ಅದರ ಕೆಲಸ. ಅಷ್ಟು ಓದಿದವ್ರು ಡಬ್ಬಿ ಬೀಳಿಸಿ ನೋಡಿದ್ರ ಶಾಸ್ತ್ರ, ನಾ ನೋಡಂದ್ರ ಹುಚ್ಚು!

76 ಸೆಂಟಿಮೀಟರ್ ಅಂದ್ರ ಎಷ್ಟು? ಹೆಚ್ಚು ಕಡಿಮಿ ನಿಮ್ಮ ಊಟದ ಟೇಬಲ್ಲಿನಷ್ಟ. ಅಷ್ಟರಿಂದ ಬಿದ್ರ ನೆಲಾ ಮುಟ್ಟೂವಾಗ ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗ ಇರ್ತದ, ಅಂದ್ರ ಸೈಕಲ್ ಓಡಿದಂಗ. ಆ ವೇಗ ಒಂದು ಸೆಂಟಿಮೀಟರಿನಾಗ ನಿಂತ್ರ ಬಾಟ್ಲಿಗೆ ಬೀಳೋ ಪೆಟ್ಟು ಜೋರು. ಸುತ್ತಲೂ ಮೆತ್ತಂದು ಇದ್ದು ಮೂರು ಸೆಂಟಿಮೀಟರಿನಾಗ ಸಾವಕಾಶ ನಿಂತ್ರ ಪೆಟ್ಟು ಮೂರನೇ ಒಂದು ಪಾಲಿಗೆ ಇಳಿತದ. ಬಳಿಗಾರರು ಬಳಿಗೆ ಹುಲ್ಲು ಸುತ್ತತಿದ್ದದ್ದು ಇದಕ್ಕನ. ಚೀಟಿಯಿಂದ ಈ ಲೆಕ್ಕ ಬದಲಾಗೂದಿಲ್ಲ. ಸಾವಿರ ಡಬ್ಬಿ ಇಳಸೋ ಹುಡುಗಗ ರಾತ್ರಿ ಎರಡಕ್ಕ ನಿಮ್ಮ ಚೀಟಿ ಓದಲಿಕ್ಕೆ ಪುರಸೊತ್ತು ಎಲ್ಲಿ ಇರ್ತದ?

ಆಮ್ಯಾಲ ವೈನಿಯವರನ್ನ ಕರಕೊಂಡು ನಮ್ಮ ಹಿತ್ತಲದಾಗ ಮಾಡೇ ಬಿಟ್ಟೆ. ಬಾಟ್ಲ್ಯಾಗ ಉಪ್ಪಿನಕಾಯಿ ಬದಲಿ ಅಷ್ಟ ತೂಕದ ಉಪ್ಪುನೀರು ತುಂಬಿ, ಅವರು ಮೊದಲ ಕಟ್ಟಿದಂಗನ ಕಟ್ಟಿದ್ವಿ. ಟೇಬಲ್ ಅಂಚಿನಿಂದ ಮೂಲಿ ಮ್ಯಾಲ ಕೆಡವಿದೆ. ಮೊದಲನೇ ಸಲಕ್ಕನ ಒಳಗ ಚಟ್ ಅಂತು. ತಗದು ನೋಡಿದ್ರ ಬಾಟ್ಲಿಗೆ ಬಾಟ್ಲಿ ಬಡದು ಒಡದಿತ್ತು, ನೆಲಾ ಬಡದಲ್ಲ! ನಡುವ ಒಂದು ಪ್ಯಾಪರ್ ಸೈತ ಇದ್ದಿದ್ದಿಲ್ಲ.

ಎರಡನೇ ಸಲ ಐದು ಪದರಿನ ಡಬ್ಬಿ ತಂದ್ವಿ. ಬಾಟ್ಲಿಗೊಂದು ರಟ್ಟಿನ ಖಾನೆ, ಆರೂ ಮಗ್ಗಲಕ್ಕ ಬಿಗಿಯಾಗಿ ಪ್ಯಾಪರ್ ಉಂಡಿ. ಮುಚ್ಚಳ ಬಿಗದು ರಾತ್ರಿ ಬಾಟ್ಲಿ ತಲಿಕೆಳಗ ಇಟ್ವಿ. ಎರಡು ಸೋರಿದ್ವು, ಆ ಮುಚ್ಚಳ ಬದಲಿ ಮಾಡಿದ್ವಿ. ರೊಟ್ಟಿ ಬ್ಯಾರೆ ಡಬ್ಬಿಗೆ, ಭಾರದ ಜೋಡಿ ಹಗರು ಸಾಮಾನು ಇಡಬಾರದು. ಸ್ಕೂಟಿಯ ಕಾಲಿಡೋ ಜಾಗಾದಾಗ ಇಟ್ಟು, ತಗ್ಗು ಬಿದ್ದ ರೋಡಿನ್ಯಾಗ ಮಾರ್ಕೆಟ್ಟಿಗೆ ಎರಡು ಸಲ ಹೋಗಿ ಬಂದೆ. ಆಮ್ಯಾಲ ಹತ್ತು ಸಲ ಕೆಡವಿದ್ವಿ. ಒಂದೂ ಒಡಿಲಿಲ್ಲ. ವೈನಿಯವರು ಹತ್ತನೇ ಸಲ ತಾವ ಕೆಡವಿದ್ರು, ಕಣ್ಣು ಮುಚ್ಚಿಕೊಂಡು.

ಇನ್ನೊಂದು ಮಾತು. ಗೋದಾಮಿನ್ಯಾಗ ನಿಮ್ಮ ಡಬ್ಬಿ ಮ್ಯಾಲ ಹತ್ತು ಡಬ್ಬಿ ಕೂತಿರ್ತಾವ. ರಟ್ಟಿನ ಒಳಗಿನ ಅಲಿ ಅಲಿ ಗೆರಿ ನೆಟ್ಟಗ ನಿಂತಿರಬೇಕು, ಭಾರಾ ತಡಿಯೋದು ಅವನ, ಅದರಾಗೂ ನಾಕು ಮೂಲಿ. ಮೂಲಿ ಜಜ್ಜಿದ ಹಳೇ ಡಬ್ಬ್ಯಾಗ ಕಳಸಬ್ಯಾಡ್ರಿ. ಮಳಿಗಾಲದಾಗ ರಟ್ಟು ಹಸಿ ಹೀರಿ ಕಸುವು ಕಳಕೋತದ, ಒಳಗ ಪ್ಲಾಸ್ಟಿಕ್ ಹಾಕಿದ್ರೂ ಡಬ್ಬಿ ಕುಸಿತದ. ಅದಕ್ಕ ಹೊರಗೂ ಪ್ಲಾಸ್ಟಿಕ್ ಸುತ್ರಿ.

"ಹಂಗಾರ ಒಗಿಯೋರದು ತಪ್ಪಿಲ್ಲೇನು?" ಅಂತ ಕೇಳತೀರಿ. ಅದರೀ, ಖರೇನ ಅದ. ಆದ್ರ ದೂರು ಕೊಡಲಿಕ್ಕೆ ಹೋದ್ರ ಅವರು ಅನ್ನೋದು ಒಂದ ಮಾತು, "ನಿಮ್ಮ ಪ್ಯಾಕಿಂಗ್ ಸರಿ ಇದ್ದಿದ್ದಿಲ್ಲ." ಹತ್ತು ಸಲ ಕೆಡವಿದ ವಿಡಿಯೋ ನಿಮ್ಮ ಫೋನಿನ್ಯಾಗ ಇದ್ರ ಆ ಮಾತಿಗೆ ಉತ್ತರ ಇರ್ತದ. ಬರೇ ಶಾಪಾ ಹಾಕಿದ್ರ ಏನಿರ್ತದ?

"ಖರ್ಚು ಬೀಳತದ" ಅಂತೀರಿ. ಛಲೋ ಡಬ್ಬಿಗೆ ಹೆಚ್ಚು ಬೀಳೋ ರೊಕ್ಕಾ ಆರ್ಡರಿನ ಬೆಲಿಯೊಳಗ ಸೇರಸ್ರಿ, ನಾಚಿಕಿ ಬ್ಯಾಡ. ಬ್ಯಾಸಗಿ ಬಿಸಲಾಗ ಕೂತು ಮಾವಿನಕಾಯಿ ಹೆಚ್ಚಿದ ಕೈಗೆ ನಾವ ಬೆಲಿ ಕೊಡಲಿಲ್ಲಂದ್ರ ಯಾರು ಕೊಡಬೇಕು? ಉಪ್ಪಿನಕಾಯಿ ಹಾಕಿದಾಗ ನಮ್ಮ ಕೆಲಸ ಅರ್ಧಾ ಆಗಿರ್ತದ. ತಿನ್ನೋರ ತಾಟಿನ್ಯಾಗ ಬಿದ್ದಾಗ ಪೂರ್ತಿ.

ವೈನಿಯವರು ಮೊನ್ನೆ ಮತ್ತ ಎಂಟು ಬಾಟ್ಲಿ ಕಳಿಸ್ಯಾರ. ಚೀಟಿ ಹಚ್ಚಲಿಲ್ಲೇನ್ರಿ ಅಂತ ಕೇಳಿದೆ. "ಹಚ್ಚೇನಿ, ಇರಲಿ ಅಂತ. ಆದ್ರ ಮೊದಲ ಕೆಡವೇನಿ" ಅಂದ್ರು.

ನೀವೂ ಕೆಡವ್ರಿ. ನಮ್ಮ ಹಿತ್ತಲದಾಗ ಒಡದ್ರ ಒಂದು ಬಾಟ್ಲಿ ನೀರು ಹೋಗ್ತದ, ಬೆಂಗಳೂರಿನ್ಯಾಗ ಒಡದ್ರ ನಮ್ಮ ಹೆಸರು ಹೋಗ್ತದ.