ಬರೀ ರೈಡರ್ ಇದ್ರೆ ಸಾಕಾ?

ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ 'ನಾನು ಪವನ್ ಸೆಹ್ರಾವತ್' ಅಂತಾರೆ. ನನಗೂ ಪವನ್ ಇಷ್ಟ. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದು ನಮ್ಮ ಬೆಂಗಳೂರು ಬುಲ್ಸ್‌ಗೆ ಕಪ್ ಕೊಡಿಸಿದರು. ಗುಜರಾತ್ ವಿರುದ್ಧ 38-33. ಇದಕ್ಕೆ ಎರಡು ಮಾತಿಲ್ಲ.

ಆದರೆ ಗೆಳೆಯರೇ, ಮುಂದೇನಾಯ್ತು ನೋಡ್ರಿ. 2022ರಲ್ಲಿ ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷ ಕೊಟ್ಟು ಅವರನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಹೊರಗೆ ಕೂತರು. ಅವರಿಲ್ಲದೇ ಆ ತಂಡ ಮೊದಲ ಸಲ ಸೆಮಿಫೈನಲ್ ಮುಟ್ಟಿತು! ಮರುವರ್ಷ ತೆಲುಗು ಟೈಟಾನ್ಸ್ 2 ಕೋಟಿ 60 ಲಕ್ಷಕ್ಕೂ ಹೆಚ್ಚು ಸುರಿಯಿತು. ಪವನ್ ಚೆನ್ನಾಗೇ ಆಡಿದರು. ಆದರೂ 22 ಪಂದ್ಯದಲ್ಲಿ ತಂಡ ಗೆದ್ದದ್ದು ಎರಡೇ. ಕಟ್ಟಕಡೆಯ ಸ್ಥಾನ.

ರೈಡರ್ ತಂದ ಅಂಕವನ್ನು ಹಿಡಿಯೋರು ಉಳಿಸದಿದ್ರೆ ತೂತಾದ ಕೊಡಕ್ಕೆ ನೀರು ಹಾಕಿದಂಗ. ಇರಾನಿನ ಫಜಲ್ ಅತ್ರಾಚಲಿ ಎಡ ಮೂಲೆಯಲ್ಲಿ ನಿಂತು, ಬರೀ ಹಿಡಿದೇ 500ಕ್ಕೂ ಹೆಚ್ಚು ಅಂಕ ಗಳಿಸಿದ್ದಾರೆ. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಶಹಾಪುರದ ತಾಲ್ಲೂಕು ಪಂದ್ಯಕ್ಕೆ ಹೆಸರು ಕೊಡಲು ಸರ್ ಹೇಳಿದಾಗ ಒಂಬತ್ತು ಹುಡುಗರು ರೈಡರ್ ಅಂತ ಬರೆಸಿದರು. ಮೂಲೆಗೆ ಒಬ್ಬನೂ ಇಲ್ಲ! ಮೂಲೆಯವನಿಗೆ ಮೊಣಕೈ ತರಚೋದು ಹೆಚ್ಚು, ಚಪ್ಪಾಳೆ ಕಡಿಮೆ, ಅದು ಖರೆ. ಆದರೆ ಎದುರಿನ ರೈಡರ್ ಬಂದಾಗ ಈ ಒಂಬತ್ತು ಮಂದಿ ಏನು ಮಾಡ್ತಾರೆ? ಎಡ ಮೂಲೆಗೆ ನನ್ನ ಹೆಸರು ಕೊಟ್ಟೀನಿ. ಬಲ ಮೂಲೆ ಇನ್ನೂ ಖಾಲಿ ಅದ. ಶನಿವಾರದೊಳಗ ಯಾರಾದ್ರೂ ಬರ್ರಿ.