ಮಾರಾಟಕ್ಕಿಲ್ಲದ ಕೋವಿ

ತೆರೆ ಮೇಲೆ ನಾಯಕ ಹಿಡಿಯೋ ಕೋವಿ, ಪ್ಯಾಕಪ್ ಆದೊಡನೆ ಪ್ರಾಪರ್ಟಿ ಪೆಟ್ಟಿಗೆಗೆ ವಾಪಸ್! 1990ರ ‘ಮುತ್ತಿನ ಹಾರ’ದಲ್ಲಿ ಕೊಡವ ಯೋಧನಾದ ವಿಷ್ಣುವಿಗೆ ಶಿಳ್ಳೆ ಹೊಡೆದ ಗೆಳೆಯರೇ, ಕೊಡಗಿನ ಮನೆ ಕೋವಿಯ ಕಥೆಯೇ ಬೇರೆ. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಗೆ ಬೇಲಿ ಬಿತ್ತು. ಕೋವಿ ಮಾತ್ರ ಮನೆ ಬಿಡಲಿಲ್ಲ. ಯಾಕಂತೀರಾ? ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದೇ ಅದು. ಸೆಪ್ಟೆಂಬರಿನ ‘ಕೈಲ್ ಪೊಳ್ದ್’ ಹಬ್ಬಕ್ಕೆ ಅದರ ನಳಿಗೆಗೆ ‘ತೋಕ್ ಪೂ’ ಅನ್ನೋ ಕಾಡುಹೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಅಂಥದ್ದಕ್ಕೆ ರೇಟು ಕೇಳೋಕೆ ನನಗಂತೂ ನಾಲಿಗೆ ಏಳದು. ಅಜ್ಜ ಹುಟ್ಟಿದ್ದನ್ನೂ ಹೋದದ್ದನ್ನೂ ಊರಿಗೆ ಸಾರಿದ ದನಿಯನ್ನು ಯಾರು ಮಾರ್ತಾರೆ ಸ್ವಾಮಿ?