ಹಾಜರಿ ಪುಸ್ತಕ ತೆಗೀರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಯಾವ ಊರಿನ ಬಸ್ ಸ್ಟ್ಯಾಂಡ್ ಆದರೂ ಸರಿ, ಎಪ್ಪತ್ತು ದಾಟಿದ ಹಳೇ ಕಾಲೇಜು ಗೆಳೆಯರು ಇಬ್ಬರು ಕೂಡಿದರೆ ಈಗ ಮಾತು ಎರಡೇ. ಯಾರು ಹೋದರು ಅನ್ನುವುದು ಒಂದು. ಎಲ್ಲಾರೂ ಕೂಡೋದು ಯಾವಾಗ ಅನ್ನುವುದು ಇನ್ನೊಂದು. ಮೊದಲನೆಯ ಸುದ್ದಿಗೆ ತಡೆಯಿಲ್ಲ. ಎರಡನೆಯದು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಯಾಕೆ ಅಂತ ಕೇಳಿದರೆ ಬಹುತೇಕ ಬ್ಯಾಚಿನ ಕತೆ ಒಂದೇ. ಅಮೆರಿಕಾದ ಗೆಳೆಯ ಡಿಸೆಂಬರಿನಲ್ಲಿ ಬರುತ್ತಾನಂತೆ, ಅವನ ರಜೆ ನೋಡಿ ತಾರೀಕು ಇಡಬೇಕಂತೆ. ಜಾಗ ಹುಬ್ಬಳ್ಳಿಯ ದೊಡ್ಡ ಹೋಟೆಲಿನ ಹಾಲ್ ಆಗಬೇಕಂತೆ. ವಿಮಾನದಲ್ಲಿ ಬರುವವನಿಗೆ ಅನುಕೂಲ ಆಗಲಿ, ಬೇಡ ಅನ್ನುವವರು ಯಾರು? ಆದರೆ ಹಿರೇಕೆರೂರಿನ ಮುದುಕ ಮಂಡಿ ನೋವು ಇಟ್ಟುಕೊಂಡು ನೂರು ಕಿಲೋಮೀಟರ್ ಮೀರಿ ಹೋಗಿ, ಊಟ ಮಾಡಿ, ಕತ್ತಲಲ್ಲಿ ತಿರುಗಿ ಬರುವುದು ಹ್ಯಾಂಗ? ಅದನ್ನು ಕೇಳಿದವರು ಕಡಿಮೆ.

1971ರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರನ್ನೇ ತಗೊಳ್ರಿ. ಸೇರಿದ್ದು ಮೈಸೂರು ರಾಜ್ಯದಲ್ಲಿ. ಓದುತ್ತಿದ್ದಾಗಲೇ, 1973ರ ನವೆಂಬರ್ 1ಕ್ಕೆ, ರಾಜ್ಯದ ಹೆಸರು ಕರ್ನಾಟಕ ಆಯಿತು. ಸರ್ಟಿಫಿಕೇಟಿನಲ್ಲಿ ಜಿಲ್ಲೆ ಧಾರವಾಡ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಆಗ ಡಿಗ್ರಿ ಬೇಕೆಂದ ಬಹಳ ಹುಡುಗರು ಟ್ರಂಕು ಹೊತ್ತು ಧಾರವಾಡದ ಬಸ್ ಹತ್ತಿದರು. ಕರ್ನಾಟಕ ಕಾಲೇಜು 1917ರಿಂದಲೇ ಅಲ್ಲಿತ್ತು. ಸವಣೂರಿನ ವಿ.ಕೃ. ಗೋಕಾಕರು ಅವರಿಗಿಂತ ಎಷ್ಟೋ ಮೊದಲೇ ಅದೇ ಹಾದಿ ಹಿಡಿದವರು. ಆಕ್ಸ್‌ಫರ್ಡ್ ಮುಟ್ಟಿದರು, 1990ರ ಜ್ಞಾನಪೀಠ ಪಡೆದರು. ಎಲ್ಲರೂ ಗೋಕಾಕರಾಗುವುದಿಲ್ಲ. ಹೆಚ್ಚಿನವರು ಮಾಸ್ತರಾದರು, ಗುಮಾಸ್ತರಾದರು, ಸೊಸೈಟಿ ಸೆಕ್ರೆಟರಿ ಆದರು.

ಅವರನ್ನು ಅಲ್ಲಿ ಉಳಿಸಿದ್ದು ಬುತ್ತಿ. ಊರಿನಿಂದ ಬೆಳಗಿನ ಬಸ್ಸಿಗೆ ಅವ್ವ ಕಟ್ಟಿದ ಗಂಟು ಹೋಗುತ್ತಿತ್ತು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ. ಕಂಡಕ್ಟರ್ ಕಡೆ ಕೊಟ್ಟರೆ ಆಯಿತು. ಅತ್ತ ಹುಡುಗ ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಳ್ಳುವನು. ಒಬ್ಬನ ಬುತ್ತಿಯಲ್ಲಿ ಮೂವರ ಊಟ. ಬುತ್ತಿ ಬರದವರಲ್ಲಿ ಎಷ್ಟೋ ಮಂದಿಗೆ ಮುರುಘಾಮಠದ ಪ್ರಸಾದ ನಿಲಯ ಅನ್ನ ಹಾಕಿತು. ಬಸ್ ತಪ್ಪಿದ ದಿನ ಚಹಾ, ಚೂಡಾ ಅಷ್ಟೇ.

ಹೀಗೆ ರೊಟ್ಟಿ ಹಂಚಿಕೊಂಡವರೆಲ್ಲ ಡಿಗ್ರಿ ಮುಗಿಸಿದರೇನು? ಇಲ್ಲ. ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದವನಿದ್ದಾನೆ. ಅಪ್ಪ ತೀರಿಕೊಂಡ ಅಂತ ನಡುವೆಯೇ ಬಿಟ್ಟು ಕಮತಕ್ಕೆ ತಿರುಗಿದವನಿದ್ದಾನೆ. ಫೀ ತುಂಬಲಾಗದೆ ಕಿರಾಣಿ ಅಂಗಡಿಯ ಗಲ್ಲೆ ಹಿಡಿದವನಿದ್ದಾನೆ. ಈಗ ಕೂಡುವ ಪಟ್ಟಿ ತಯಾರಾಗುವುದು ಪಾಸಾದವರ ಯಾದಿ ನೋಡಿ. ಅದರಲ್ಲಿ ಇವರ ಹೆಸರಿಲ್ಲ. ‘ನಾವೇನು ಡಿಗ್ರಿ ಹೋಲ್ಡರೇನ್ರಿ’ ಅಂತ ಇವರೂ ದೂರ ಉಳೀತಾರ. ತಮಾಷೆ ಅಂದರೆ ಊರಿಗೆ ಬಂದ ಡಿಗ್ರಿ ಹೋಲ್ಡರು ಚೀಲ ಇಟ್ಟು ಹೋಗುವುದು ಇವನ ಅಂಗಡಿಯಲ್ಲೇ. ಯಾರ ಮಗಳು ಎಲ್ಲಿಗೆ ಕೊಟ್ಟಾರ, ಯಾರು ದವಾಖಾನೆ ಸೇರ್ಯಾರ ಅನ್ನುವುದು ಇವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಹೆಣ್ಣುಮಕ್ಕಳ ಮಾತಂತೂ ಕೇಳುವುದೇ ಬೇಡ. ಕ್ಲಾಸಿನಲ್ಲಿ ಬೆರಳೆಣಿಕೆಯಷ್ಟಿದ್ದರು. ಮದುವೆಯಾಗಿ ಅಡ್ಡಹೆಸರು ಬದಲಾಯಿತು, ಊರು ಬದಲಾಯಿತು. ಅವರ ತವರುಮನಿಗೆ ಹೋಗಿ ವಿಳಾಸ ಕೇಳುವ ತ್ರಾಸು ತಗೊಂಡವರು ಎಷ್ಟು ಜನ? 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕರೆದರೆ ಗಂಡಸರಿಗಿಂತ ಮೊದಲು ಅವರೇ ಬಂದು ಕೂತಿರುತ್ತಾರೆ.

ಇದಕ್ಕಿಂತ ದೊಡ್ಡ ಸಂಕಟ ಸಾವಿನ ಸುದ್ದಿಯದು. ವಾಟ್ಸಪ್ ಗುಂಪಿನಲ್ಲಿ ಫೋಟೊ ಬೀಳುತ್ತದೆ, ಕೆಳಗೆ ಸಾಲುಸಾಲು ಕೈ ಮುಗಿದ ಚಿತ್ರ. ಬಟನ್ ಫೋನ್ ಇಟ್ಟುಕೊಂಡವನಿಗೆ ಗೊತ್ತಾಗುವುದು ಮೂರನೇ ದಿನಕ್ಕೆ, ಅದೂ ಸಂತೆಯಲ್ಲಿ. ಒಂದೇ ಗಂಟಿನ ರೊಟ್ಟಿ ತಿಂದ ಗೆಳೆಯನ ಮಣ್ಣಿಗೆ ಹೋಗಲಾಗಲಿಲ್ಲ ಅನ್ನುವ ನೋವು ಸಣ್ಣದಲ್ಲ. ಅಂಗಡಿಕಾರರು ಮನಸ್ಸು ಮಾಡಿದರೆ ಇದಕ್ಕೆ ಖರ್ಚಿಲ್ಲದ ದಾರಿ ಇದೆ. ಸ್ಟ್ಯಾಂಡಿನ ಎದುರಿನ ಒಂದು ಅಂಗಡಿಯಲ್ಲಿ ಒಂದು ಹಾಳೆ ತೂಗುಹಾಕಿ ಹೆಸರು, ಊರು, ಮಣ್ಣು ಎಷ್ಟು ಗಂಟೆಗೆ ಅಂತ ಬರೆದರೆ ಸಾಕು. ಹಳ್ಳಿಯ ಮುಂಜಾನೆ ಬಸ್ಸಿಗೆ ಆ ಸುದ್ದಿ ಹತ್ತುತ್ತದೆ.

ಇನ್ನು ಕೂಡುವ ಮಾತು. ಹಾವೇರಿ ನಾಲ್ಕೂ ತಾಲೂಕಿಗೆ ನಡುವಿನ ಊರು, ನಾಲ್ಕೂ ಕಡೆಯಿಂದ ಬಸ್ಸಿದೆ. ಅಲ್ಲೊಂದು ಕಲ್ಯಾಣ ಮಂಟಪ ಸಾಕು. ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ ಒಂದು ದಿನ ಹಿಡೀರಿ. 60 ದಾಟಿದವರಿಗೆ ಬಸ್ ಚಾರ್ಜಿನಲ್ಲಿ 25 ಪರ್ಸೆಂಟ್ ಬಿಡುತ್ತಾರೆ, ಗುರುತಿನ ಚೀಟಿ ಮರೆಯಬಾರದು. ಬದುಕಿರುವ ಗುರುಗಳಿದ್ದರೆ ಶಾಲು ಹೊದಿಸಿ, ಬೇಕಾದ್ದೇ. ಶಾಸಕರನ್ನು ಮಾತ್ರ ಕರೆಯಬೇಡಿ. ಅವರ ದಾರಿ ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಅಮೆರಿಕಾದವನು ಫೋನಿನಲ್ಲಿ ಮುಖ ತೋರಿಸಲಿ.

ಹೆಸರು ಕೂಗುವಾಗ ಮೊದಲ ವರ್ಷದ ಹಾಜರಿ ಪುಸ್ತಕದ ಕ್ರಮದಲ್ಲೇ ಕೂಗಿ, ಪುಸ್ತಕ ಸಿಗದಿದ್ದರೆ ನೆನಪಿನಿಂದ. ಫೇಲಾದವನದೂ ಬರಲಿ, ಬಿಟ್ಟು ಹೋದವನದೂ ಬರಲಿ, ತೀರಿಕೊಂಡವನದೂ ಬರಲಿ. ಹನ್ನೊಂದಕ್ಕೆ ಶುರು ಮಾಡಿ ಮೂರಕ್ಕೆ ಮುಗಿಸಿದರೆ ಹಿರೇಕೆರೂರು ಕಡೆಯವರು ದೀಪ ಹಚ್ಚೋದ್ರೊಳಗೆ ಮನಿ ಸೇರ್ತಾರ.